ಗೋಡೆಯ ಬುಡದ ದಿಂಡು

ಮಾರ್ಚ್ ೩, ಮಂಗಳವಾರ

ಹಿತ್ತಲಿನ ಕೊಳದ ಹರಿದ ಹಾಳೆಯನ್ನು ಇವತ್ತು ಎಳೆದು ಹಾಕಿದೆ. ಒಬ್ಬಳೇ ಎಳೆದೆ. ಒದ್ದೆ ಪ್ಲಾಸ್ಟಿಕ್ಕು ಇಷ್ಟು ಭಾರ ಇರುತ್ತದೆಂದು ಯಾರಿಗೆ ಗೊತ್ತಿತ್ತು? ಒಂದೂವರೆ ತಿಂಗಳಿಂದ ಅದರ ಮಡಿಕೆಗಳಲ್ಲಿ ನಿಂತ ನೀರು ಕೊಳೆತು ಹಿತ್ತಲೆಲ್ಲ ನಾರುತ್ತಿತ್ತು. ಶೆಡ್ಡಿನ ಹಿಂದೆ ಮುದ್ದೆ ಮಾಡಿ ಒಗೆದು ಬಂದೆ.

ಇದನ್ನು ಹೊಲಿಗೆಯ ಅಳತೆ ಪುಸ್ತಕದ ಹಿಂಬದಿಯಿಂದ ಬರೆಯುತ್ತಿದ್ದೇನೆ. ಮುಂದಿನಿಂದ ಶಾಲೆ ಮಕ್ಕಳ ಎದೆ, ಸೊಂಟ, ತೋಳು, ಹಿಂದಿನಿಂದ ಇದು. ನಮ್ಮ ಯಜಮಾನರು ಹೋದಮೇಲೆ ಮನೆಯಲ್ಲಿ ಇರುವುದು ನಾನು, ತಂಗಿ. ತಂಗಿಯ ಬಗ್ಗೆ ತಂಗಿಯ ಹತ್ತಿರವೇ ಹೇಳಿಕೊಳ್ಳಲಾಗುತ್ತದೆಯೇ?

ನಮ್ಮದು ನೆಲ ಅಗೆದು ಕಟ್ಟಿದ ಕೊಳವಲ್ಲ. ನೆಲದ ಮೇಲೆ ನಿಲ್ಲಿಸುವಂಥದ್ದು. ದುಂಡಗೆ ತಗಡಿನ ಗೋಡೆ, ಎದೆಮಟ್ಟ, ಈ ಬದಿಯಿಂದ ಆ ಬದಿಗೆ ಹನ್ನೆರಡು ಅಡಿ. ಒಳಗೆ ನೀಲಿ ಪ್ಲಾಸ್ಟಿಕ್ ಹಾಳೆ. ಅಂಗಡಿಯವರು ಲೈನರ್ ಅನ್ನುತ್ತಾರೆ. ತಂಗಿಯ ಕಾಲಿನ ನರಗಳು ಸೊರಗುತ್ತಿವೆ, ನೆಲದ ಮೇಲೆ ಆಗದ ನಡಿಗೆ ನೀರಿನಲ್ಲಿ ಆಗುತ್ತದೆ ಎಂದು ವ್ಯಾಯಾಮದ ಡಾಕ್ಟರಮ್ಮ ಹೇಳಿದ್ದಕ್ಕೆ ಹೋದ ವರ್ಷದ ಕೊನೆಗೆ ತರಿಸಿ ನಾನೇ ನಿಲ್ಲಿಸಿದೆ. ಜನವರಿ ಹದಿನೇಳರಂದು, ಅವಳು ಒಳಗಿದ್ದಾಗಲೇ, ಹಾಳೆ ಬುಡದಲ್ಲಿ ಹರಿಯಿತು. ನೀರೆಲ್ಲ ಗೋಡೆಯ ಕೆಳಗಿಂದ ನುಗ್ಗಿತು. ಅವಳನ್ನೂ ಎಳೆದುಕೊಂಡು ಹೋಗಿ ಏಣಿಯ ಕಾಲಿಗೆ ಬಡಿಯಿತು. ಎಡ ಮಣಿಕಟ್ಟು ಮುರಿಯಿತು. ಆರು ವಾರ ಪಟ್ಟಿ. ಆ ಕೈಯಲ್ಲಿ ವಾಕರ್ ಹಿಡಿಯಲಾಗಲಿಲ್ಲ, ನಡೆಯದೆ ಕಾಲುಗಳು ಇನ್ನಷ್ಟು ಸೋತವು. ಮೊನ್ನೆ ಶನಿವಾರ ಪಟ್ಟಿ ಬಿಚ್ಚಿದರು. ಕೈ ಕೂಡಿಕೊಂಡಿದೆ. ಕಾಲು ಮಾತ್ರ ಜನವರಿಯ ಕಾಲಲ್ಲ. ಆಗ ಮಂಚದಿಂದ ಬಚ್ಚಲಿಗೆ ತಾನೇ ಹೋಗುತ್ತಿದ್ದಳು. ಈಗ ಗಾಲಿಕುರ್ಚಿ.

ಹಾಳೆ ಕಳಪೆಯದು. ಬೆಸುಗೆಯಲ್ಲೇ ಬಿಟ್ಟಿದೆ. ಇಪ್ಪತ್ತಾರು ವರ್ಷದಿಂದ ಹೊಲಿಯುತ್ತಿದ್ದೇನೆ, ಕೆಟ್ಟ ಜೋಡಣೆ ಯಾವುದೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆ ವಾರವೇ ಅಂಗಡಿಗೆ ಹೋಗಿ ಬಾಯಿಗೆ ಬಂದಂತೆ ಬೈದು ಬಂದಿದ್ದೆ. ಜನ ತುಂಬಿದ್ದರು, ಅವರೆಲ್ಲ ಕೇಳಲಿ ಎಂದೇ ಬೈದೆ. ಅಂಗಡಿಯವರು ತುಟಿ ಪಿಟಕ್ಕೆನ್ನದೆ, ಹೊಸ ಹಾಳೆ ತರಿಸಿಕೊಡುತ್ತೇನೆ ಎಂದರು. ತಪ್ಪಿಲ್ಲದಿದ್ದರೆ ಒಪ್ಪುತ್ತಿದ್ದರೇ?

ಮಾರ್ಚ್ ೪, ಬುಧವಾರ

ಕೊಳದ ತಳ ಪೂರ್ತಿ ಹಾಳಾಗಿದೆ. ನೀರು ಓಡಿದ ಕಡೆ ಮೊಣಕೈ ಮುಳುಗುವಷ್ಟು ಕೊರಕಲು. ಹಾಸಿದ್ದ ಮರಳೆಲ್ಲ ಕೊಚ್ಚಿಹೋಗಿ ಒಳಗಿನ ಕಲ್ಲು, ಬೇರು ಎದ್ದು ಕೂತಿವೆ. ಗೋಡೆ ಪುಣ್ಯಕ್ಕೆ ನಿಂತಿದೆ. ಅದರ ಬುಡ ಕೂರುವ ತಗಡಿನ ಪಟ್ಟಿ ಒಂದು ಕಡೆ ಸೊಟ್ಟಗಾಗಿದೆ.

ಬೆಳಿಗ್ಗೆ ಎರಡು ಗಂಟೆ ಬೇರು ಕಿತ್ತೆ. ತಂಗಿ ಕಿಟಕಿಯಲ್ಲಿ ಕೂತು ನೋಡುತ್ತಿದ್ದಳು.

“ಅಕ್ಕಾ, ನಿನ್ನ ಎಡಗಡೆ ಇನ್ನೊಂದಿದೆ ನೋಡು.”

“ಕಂಡಿದೆ.”

“ಕಂಡಿದ್ರೆ ಅದರ ಮೇಲೆ ಯಾಕೆ ಕಾಲಿಟ್ಟೆ?”

“ನೀನು ಸುಮ್ನೆ ಕೂತ್ಕೊಳ್ತೀಯಾ?”

ಕೂತೇ ಇದ್ದಾಳೆ, ಬೇರೆ ಏನು ಮಾಡುತ್ತಾಳೆ. ಹೇಳಿದ ಮೇಲೆ ಅನ್ನಿಸಿತು. ಕಿಟಕಿಯ ಪರದೆ ಎಳೆದುಕೊಂಡಳು.

ಮಾರ್ಚ್ ೬, ಶುಕ್ರವಾರ

ಕೆಲಸ ಆಗಲಿಲ್ಲ. ಕಾಲರು, ಕಾಲರು, ಕಾಲರು. ಹೊಸ ತರಗತಿ ಶುರುವಾಗುವ ಮೊದಲು ಊರಿನ ಮಕ್ಕಳೆಲ್ಲ ಒಟ್ಟಿಗೇ ಉದ್ದವಾಗುತ್ತಾರೆ.

ಮಾರ್ಚ್ ೯, ಸೋಮವಾರ

ಪಕ್ಕದ ಮನೆಯ ಕಾಂಪೌಂಡ್ ಗೋಡೆ ರಿಪೇರಿಗೆ ಒಬ್ಬ ಮೇಸ್ತ್ರಿ ಬಂದಿದ್ದಾರೆ. ವಯಸ್ಸಾದವರು. ಕಿವಿಯ ಮೇಲೆ ಪೆನ್ಸಿಲ್ಲು, ಬಾಯಲ್ಲಿ ಸದಾ ಒಂದು ಕಡ್ಡಿ. ಅರ್ಧ ಗಂಟೆ ಗೋಡೆಯ ಮೇಲಿಂದ ಇಣುಕಿ ನೋಡಿ, ತಡೆಯಲಾರದೆ ಈಚೆ ಬಂದರು. ಕೆಲಸ ಗೊತ್ತಿರುವವರಿಗೆ ಇನ್ನೊಬ್ಬರ ಕೆಲಸ ನೋಡಿದರೆ ಕೈ ಕಡಿಯುತ್ತದೆ. ನನಗೂ ಅಷ್ಟೇ, ಬಸ್ಸಿನಲ್ಲಿ ಮುಂದಿನವರ ಅಂಗಿಯ ತೋಳು ವಕ್ರ ಕೂತಿದ್ದರೆ ಬಿಚ್ಚಿ ಹೊಲಿದುಬಿಡೋಣ ಅನ್ನಿಸುತ್ತದೆ.

ತಳ ಪೂರ್ತಿ ಸುತ್ತಿ ನೋಡಿದರು. ಕೊರಕಲಿನ ಬಾಯಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತರು.

“ಇಲ್ಲಿ ದಿಂಡು ಕಟ್ಟಿರಲಿಲ್ವಾ ಅಮ್ಮಾ?”

ದಿಂಡು ಅಂದರೆ, ಗೋಡೆಯ ಬುಡದಲ್ಲಿ ಒಳಗಡೆ ಸುತ್ತಲೂ ಒದ್ದೆ ಮರಳು, ಮಣ್ಣು ಒತ್ತಿ ಕಟ್ಟುವ ಇಳಿಜಾರು. ಗೇಣೆತ್ತರ. ಗೋಡೆಯೂ ನೆಲವೂ ಸೇರುವ ಮೂಲೆ ಹರಿತವಾಗಿ ಇರಬಾರದು, ಬಟ್ಟಲಿನ ಹಾಗೆ ದುಂಡಗೆ ಇಳಿಯಬೇಕು. “ನೀರಿನ ಭಾರ ಎಲ್ಲಾ ಬಂದು ಬುಡಕ್ಕೇ ಬೀಳೋದು. ಮೂಲೆ ಖಾಲಿ ಇದ್ರೆ ಹಾಳೆ ಅಲ್ಲಿಗೆ ಉಬ್ಬುತ್ತೆ, ತಗಡಿನ ಕೆಳಗೆ ನುಸುಳುತ್ತೆ, ಪರ್ ಅಂತ ಹೋಗುತ್ತೆ,” ಎಂದರು.

“ಕಟ್ಟಿದ್ದೆ. ನೀರಲ್ಲಿ ಕೊಚ್ಚಿ ಹೋಯ್ತು,” ಎಂದೆ.

ಕಡ್ಡಿಯನ್ನು ಈ ಕಡೆಯ ಹಲ್ಲಿನಿಂದ ಆ ಕಡೆಯ ಹಲ್ಲಿಗೆ ದಾಟಿಸಿದರು. ಸಂಜೆ ಕೆಲಸ ಬಿಟ್ಟಮೇಲೆ ಒಂದೊಂದು ಗಂಟೆ ಬಂದು ಕೈಜೋಡಿಸುತ್ತೇನೆ ಎಂದು ಹೋದರು. ನಾನು ಕೇಳಿರಲಿಲ್ಲ. ಅವರ ಮೊಮ್ಮಕ್ಕಳ ಯೂನಿಫಾರಂ ಹೊಲಿದುಕೊಡುವುದೆಂದು ಮಾತಾಯಿತು.

ಕಟ್ಟಿದ್ದೆನಲ್ಲ. ಒಂದಷ್ಟು ಕಟ್ಟಿದ್ದೆ.

ಮಾರ್ಚ್ ೧೩, ಶುಕ್ರವಾರ

ವ್ಯಾಯಾಮದ ಡಾಕ್ಟರಮ್ಮ ಬಂದಿದ್ದರು. ತಂಗಿಗೆ ಕಣ್ಣು ಮುಚ್ಚಿಕೊಳ್ಳಲು ಹೇಳಿ, ಹತ್ತಿಯ ಎಳೆಯಿಂದ ಕಾಲ್ಬೆರಳಿಂದ ಮೇಲಕ್ಕೆ ಸವರುತ್ತ ಬಂದರು. “ಗೊತ್ತಾದಾಗ ಹೇಳಿ.” ಬೆರಳು ದಾಟಿತು. ಬೆರಳಿನ ಬುಡ ದಾಟಿತು. ಪಾದದ ನಡುವಿಗೆ ಬಂದಾಗ “ಈಗ” ಎಂದಳು. ಅಲ್ಲಿ ಪೆನ್ನಿನಲ್ಲಿ ಗೆರೆ ಎಳೆದರು. ಡಿಸೆಂಬರಿನಲ್ಲಿ ಆ ಗೆರೆ ಬೆರಳಿನ ಬುಡದಲ್ಲಿತ್ತು. ಹಿಮ್ಮಡಿಗೆ ಇನ್ನೂ ಗೊತ್ತಾಗುತ್ತದೆ.

ಬಾಗಿಲ ತನಕ ಹೋಗಿ ಕೇಳಿದೆ. “ನೀರಿದ್ದಿದ್ದರೆ ಇಷ್ಟು ಆಗ್ತಿರಲಿಲ್ವಾ?”

“ಕಾಯಿಲೆ ಅದರ ಪಾಡಿಗೆ ಅದು ಹೋಗುತ್ತೆ. ಶಕ್ತಿ ಮಾತ್ರ ಉಳೀತಿತ್ತು ಸ್ವಲ್ಪ. ಆರು ವಾರ ಅವರಿಗೆ ದೊಡ್ಡದೇ.”

ಅವರಿಗೆ ನಾನೇನು ಮಾಡಿದ್ದೆ, ಹೀಗೆ ಮುಖಕ್ಕೆ ಹೇಳಲು? ಆ ಅಂಗಡಿಯವರಿಗೆ ಹೋಗಿ ಹೇಳಲಿ.

ತಂಗಿ ಇಡೀ ಸಂಜೆ ಆ ಗೆರೆಯನ್ನೇ ನೋಡುತ್ತ ಕೂತಿದ್ದಳು. ಸೋಪು ಹಾಕಿ ಉಜ್ಜಿದೆ. ಹೋಗಲಿಲ್ಲ.

ಮಾರ್ಚ್ ೧೭, ಮಂಗಳವಾರ

ಮರಳು ಬಂತು. ಜರಡಿ ಹಿಡಿಯಬೇಕು, ಹುರಿಗಡಲೆಯಷ್ಟು ಕಲ್ಲು ಉಳಿದರೂ ನೀರಿನ ಭಾರಕ್ಕೆ ಹಾಳೆಯನ್ನು ಚುಚ್ಚುತ್ತದೆ. ತಂಗಿ ತಾನು ಜರಡಿ ಹಿಡಿಯುತ್ತೇನೆ ಎಂದಳು. ಕೈ ಈಗಷ್ಟೇ ಕೂಡಿದೆ, ಬೇಡ ಎಂದೆ.

“ಎಡಗೈ ಸುಮ್ನೆ ಆತುಕೊಂಡಿರುತ್ತೆ. ಬಲಗೈಗೆ ಏನಾಗಿದೆ?”

“ಧೂಳು. ಬಿಸಿಲು. ಆಮೇಲೆ ಜ್ವರ ಬಂದ್ರೆ ನಾನೇ ತಾನೆ ಒದ್ದಾಡೋದು.”

“ನಿಂಗೆ ನಾನು ಹತ್ತಿರ ಬಂದು ನೋಡೋದು ಬೇಡ, ಅಷ್ಟೇ.”

“ಏನು ನೋಡೋದಿದೆ ಅಲ್ಲಿ? ಮಣ್ಣು!”

ಕಿರುಚಿದೆ ಅನ್ನಿಸುತ್ತದೆ. ಗೋಡೆಯಾಚೆ ಮೇಸ್ತ್ರಿಯ ಕರಣೆ ಸದ್ದು ನಿಂತಿತು.

ಮಾರ್ಚ್ ೧೮, ಬುಧವಾರ

ಊಟದ ತಟ್ಟೆ ಇಟ್ಟೆ, ಉಂಡಳು. ತಟ್ಟೆ ತೆಗೆದೆ.

ಮಾರ್ಚ್ ೨೨, ಭಾನುವಾರ

ನಾನು ಬಟನ್ ತರಲು ಹೋಗಿ ಬರುವಷ್ಟರಲ್ಲಿ ಮೇಸ್ತ್ರಿ ಅವಳನ್ನು ಕುರ್ಚಿ ಸಮೇತ ಹಿತ್ತಲಿಗೆ ತಂದಿದ್ದರು. ತೊಡೆಯ ಮೇಲೆ ಜರಡಿ, ಕಾಲ ಬಳಿ ಮರಳಿನ ಗುಡ್ಡೆ, ತಲೆಗೆ ನನ್ನದೇ ಒಂದು ಅರ್ಧ ಹೊಲಿದ ಲುಂಗಿ ಬಟ್ಟೆ. ಬೈಯಲು ಹೋದವಳು ಬಟನ್ ಪೊಟ್ಟಣ ಕೆಳಗಿಟ್ಟು ಸಲಿಕೆ ತೆಗೆದುಕೊಂಡೆ. ಅವಳ ಮುಖ ಕೆಂಪಾಗಿತ್ತು. ಎಷ್ಟು ದಿನದಿಂದ ಆ ಮುಖದಲ್ಲಿ ಯಾವ ಬಣ್ಣವೂ ಇರಲಿಲ್ಲ.

ಕೆಲಸ ಅಂದರೆ ಕೆಲಸ ಇವತ್ತು. ಮೇಸ್ತ್ರಿ ತಳದ ನಟ್ಟನಡುವೆ ಗೂಟ ಹೊಡೆದು, ಅದಕ್ಕೆ ಒಂದು ನೆಟ್ಟನೆಯ ಹಲಗೆ ಸಿಕ್ಕಿಸಿ, ಗಡಿಯಾರದ ಮುಳ್ಳಿನ ಹಾಗೆ ತಿರುಗಿಸಿದರು. ಹಲಗೆ ಎಲ್ಲಿ ತಗುಲುತ್ತದೋ ಅಲ್ಲಿ ಕೆತ್ತು. “ಉಬ್ಬು ಕಂಡ ಕಡೆ ಕೆತ್ತಬೇಕು. ತಗ್ಗಿಗೆ ಮಣ್ಣು ತುಂಬಿಸಿ ಸಮ ಮಾಡ್ತೀನಿ ಅಂದ್ರೆ ನೀರು ನಿಂತ ಮೇಲೆ ಕುಸಿಯುತ್ತೆ.” ಹೋದ ಸಲ ನಾನು ತುಂಬಿಸಿದ್ದೆ. ಕೊರಕಲು ಮಾತ್ರ ಬೇರೆ ದಾರಿಯಿಲ್ಲದೆ ಗಟ್ಟಿ ಮಣ್ಣನ್ನು ಪದರ ಪದರವಾಗಿ ಹಾಕಿ, ಒಂದೊಂದು ಪದರಕ್ಕೂ ನೀರು ಚಿಮುಕಿಸಿ ಕುಟ್ಟಿ ದಮ್ಮಸು ಹೊಡೆದೆವು. ತೋಳು ಬಿದ್ದುಹೋಗಿವೆ.

ತಂಗಿ ಜರಡಿ ಆಡಿಸುತ್ತ ಮೇಸ್ತ್ರಿಗೆ ತನ್ನ ಅಂಚೆ ಕೆಲಸದ ಕಥೆ ಹೇಳುತ್ತಿದ್ದಳು. ಹತ್ತೊಂಬತ್ತು ವರ್ಷ, ದಿನಕ್ಕೆ ಹನ್ನೊಂದು ಬೀದಿ. “ಮನೆಯವರ ಹೆಸರು ನೆನಪಿಟ್ಕೊಳ್ಳೋ ಕಷ್ಟ ಇರಲಿಲ್ಲ, ಲಕೋಟೆ ಮೇಲೇ ಇರುತ್ತೆ. ನಾಯಿಗಳ ಹೆಸರು ಬಾಯಿಪಾಠ ಮಾಡ್ಬೇಕಿತ್ತು.” ಮೇಸ್ತ್ರಿ ನಗುತ್ತ ಕಡ್ಡಿ ನುಂಗಿಬಿಡುವುದರಲ್ಲಿದ್ದರು.

ಒಂದು ಡಬ್ಬಿ ಕಲ್ಲು ಆರಿಸಿಟ್ಟಿದ್ದಾಳೆ. ನಾನಾಗಿದ್ದರೆ ಇಷ್ಟು ಸಿಗುತ್ತಿರಲಿಲ್ಲ. ನನಗೆ ತಾಳ್ಮೆ ಕಡಿಮೆ, ಅದು ಎಲ್ಲರಿಗೂ ಗೊತ್ತಿರುವುದೇ.

ಮಾರ್ಚ್ ೨೪, ಮಂಗಳವಾರ

ಹೊಸ ಹಾಳೆ ಬಂದಿದೆ ಎಂದು ಅಂಗಡಿಯಿಂದ ಫೋನ್ ಬಂತು. ತರಲು ಹೋದೆ. ಅಂಗಡಿಯವರು ತಾವೇ ಎತ್ತಿ ಆಟೋದಲ್ಲಿ ಇಟ್ಟರು. ಬೆನ್ನು ಹಿಡಿದುಕೊಂಡು ನೆಟ್ಟಗಾಗುತ್ತ ಕೇಳಿದರು:

“ಆ ಹರಿದಿದ್ದು ಇದ್ಯಾ ಅಮ್ಮಾ? ಬೆಸುಗೆ ಬಿಟ್ಟಿಲ್ಲ, ಬಿಡೋದೇ ಇಲ್ಲ ಅಂತ ಕಂಪನಿಯವರು ವಾದ ಮಾಡ್ತಿದಾರೆ. ಒಂದ್ಸಲ ಕಳಿಸಿಕೊಟ್ರೆ ಅವರ ಬಾಯಿ ಮುಚ್ಚಿಸಬಹುದು.”

“ಎಸೆದುಬಿಟ್ಟೆ,” ಎಂದೆ. “ನಾರ್ತಿತ್ತು.”

“ಹೋಗ್ಲಿ ಬಿಡಿ. ನೀವು ಸುಳ್ಳು ಹೇಳ್ತೀರಾ?”

ಮನೆಗೆ ಬಂದು ಶೆಡ್ಡಿನ ಹಿಂದೆ ಹೋಗಿ ಆ ಮುದ್ದೆಯನ್ನು ಬಿಡಿಸಿದೆ. ಹರಿದ ಕಡೆ ಬೆರಳಾಡಿಸಿದೆ. ಬೆಸುಗೆಯ ಅಂಚಿನ ಉದ್ದಕ್ಕೂ ಹರಿದಿದೆ, ನಿಜ. ಆದರೆ ಬೆಸುಗೆ ಹಾಗೇ ಇದೆ. ಅದರ ಪಕ್ಕದ ಹಾಳೆ ತೆಳ್ಳಗೆ ಎಳೆದುಕೊಂಡು, ಬೆಳ್ಳಗಾಗಿ, ಹರಿದಿದೆ. ಹೊಲಿಗೆ ಬಿಟ್ಟ ಬಟ್ಟೆಗೂ ಎಳೆತಕ್ಕೆ ಪಿಸಿದ ಬಟ್ಟೆಗೂ ವ್ಯತ್ಯಾಸ ಗೊತ್ತಾಗದಿದ್ದರೆ ನಾನೆಂಥ ದರ್ಜಿ.

ಮತ್ತೆ ಮುದ್ದೆ ಮಾಡಿಟ್ಟೆ.

ಮಾರ್ಚ್ ೨೮, ಶನಿವಾರ

ಮರಳು ಹಾಸಿ, ನೆನೆಸಿ, ತಟ್ಟಿ ಆಯಿತು. ಗೋಡೆಯ ಎರಡು ತುದಿ ಸೇರುವ ಕಡೆಯ ಬೋಲ್ಟುಗಳಿಗೆ ತುಕ್ಕು ಉಜ್ಜಿ, ಬಣ್ಣ ಹಚ್ಚಿ, ಮೇಲೆ ನಾಲ್ಕು ಸುತ್ತು ಟೇಪು ಅಂಟಿಸಿದೆ. ಇವತ್ತು ದಿಂಡು.

ಮೇಸ್ತ್ರಿ ಬಾಟಲಿಯ ಬೆನ್ನಿಂದ ಒತ್ತುವುದು ಹೇಳಿಕೊಟ್ಟು ತಮ್ಮ ಕೆಲಸಕ್ಕೆ ಹೋದರು. ಮಂಡಿಯೂರಿ, ಏಣಿಯ ಜಾಗದಿಂದ ಶುರು ಮಾಡಿ, ಒಂದೊಂದೇ ಮೊಳ ಕಟ್ಟುತ್ತ ಬಂದೆ. ಒಂದು ಬೊಗಸೆ ಹಾಕು, ಅಂಗೈಯಲ್ಲಿ ಅದುಮು, ಬಾಟಲಿ ಉರುಳಿಸು, ಮುಂದೆ ಸರಿ. ಮಧ್ಯಾಹ್ನ ಬೋಲ್ಟುಗಳ ಹತ್ತಿರ ಬಂದೆ. ಅರ್ಧ ಸುತ್ತು. ಅಲ್ಲಿ ಕೈ ನಿಂತುಬಿಟ್ಟಿತು.

ಬರೆದೇ ಬಿಡುತ್ತೇನೆ. ಹೋದ ಸಲವೂ ಇಲ್ಲಿಗೇ ನಿಲ್ಲಿಸಿದ್ದೆ. ಮಂಡಿ ನೋಯುತ್ತಿತ್ತು. ಒಳಗೆ ನಲವತ್ತು ಚಡ್ಡಿ ಕತ್ತರಿಸಿಟ್ಟಿದ್ದೆ, ಸೋಮವಾರಕ್ಕೆ ಕೊಡಬೇಕಿತ್ತು. ಮಿಕ್ಕ ಅರ್ಧಕ್ಕೆ ಕಾಲಲ್ಲೇ ನಾಲ್ಕು ಸಲ ಮರಳು ನೂಕಿ, ನೀರಿನ ಭಾರಕ್ಕೆ ತಾನೇ ಕೂತುಕೊಳ್ಳುತ್ತದೆ ಅಂದುಕೊಂಡೆ. ಹರಿದದ್ದು ಆ ಅರ್ಧದಲ್ಲಿ. ಒಂದು ಮಧ್ಯಾಹ್ನದ ಕೆಲಸ. ಅಷ್ಟೇ ಉಳಿದಿದ್ದದ್ದು.

ಇವತ್ತು ಮುಗಿಸಿದೆ. ಕೊನೆಯ ಮೊಳವನ್ನು ಎರಡೆರಡು ಸಲ ಒತ್ತಿದೆ. ಊಟ ಸೇರಲಿಲ್ಲ.

ಮಾರ್ಚ್ ೨೯, ಭಾನುವಾರ

ತಂಗಿಯ ತಲೆ ಬಾಚುತ್ತಿದ್ದೆ. ಅವಳ ಮುಖ ನನಗೆ ಕಾಣುವುದಿಲ್ಲ, ನನ್ನದು ಅವಳಿಗೆ. ಹೇಳಿದೆ. ಅರ್ಧ ಸುತ್ತು, ಚಡ್ಡಿ, ಎಲ್ಲ.

“ಗೊತ್ತು,” ಎಂದಳು.

ಬಾಚಣಿಗೆ ಸಿಕ್ಕಿನಲ್ಲಿ ಕಚ್ಚಿಕೊಂಡಿತು. ಮೆಲ್ಲಗೆ ಬಿಡಿಸಿದೆ.

“ಕಿಟಕಿಯಲ್ಲೇ ಇದ್ನಲ್ಲ ಅಕ್ಕಾ. ನೀನು ಎದ್ದು ಕೈ ಝಾಡಿಸ್ಕೊಂಡು ಬಂದಿದ್ದು ನೋಡಿದೆ.”

“ಮತ್ತೆ ಆವಾಗ್ಲೇ ಯಾಕೆ ಬಾಯಿ ಬಿಡಲಿಲ್ಲ?”

“ಆ ಕಡೇನೂ ಕಟ್ಟಬೇಕು ಅಂತ ನಂಗೇನು ಗೊತ್ತಿತ್ತು? ಅನುಮಾನ ಬಂತು. ಆದ್ರೆ ಕೇಳಿದ್ರೆ ನೀನು ರೇಗ್ತೀಯ, ಇನ್ನೆರಡು ದಿನ ಮುಂದಕ್ಕೆ ಹೋಗುತ್ತೆ. ಬೇಗ ಇಳಿದ್ರೆ ಸಾಕಾಗಿತ್ತು ನಂಗೆ.”

ಬೈತಲೆ ತೆಗೆದು ಕೂದಲನ್ನು ಮೂರು ಪಾಲು ಮಾಡಿದೆ.

“ನನ್ನ ಮೇಲೆ ಸಿಟ್ಟಿಲ್ವಾ ಪುಟ್ಟಿ?”

“ಇದೆ.” ಯೋಚಿಸಿ ಹೇಳಿದಳು. “ಅಂಗಡಿಯವರ ತಪ್ಪು ಅಂತ ನೀನು ಬಂದವರಿಗೆಲ್ಲ ಹೇಳುವಾಗ ಇನ್ನೂ ಜಾಸ್ತಿ ಇತ್ತು. ಕೈ ಮುರಿದಿದ್ದಕ್ಕಲ್ಲ. ಆರು ವಾರ ಅಕ್ಕಾ. ಎದ್ದು ಬಚ್ಚಲಿಗೆ ಹೋಗ್ತಿದ್ದೆ ನಾನು.”

“ಹೂಂ.”

“ಹೋಗುತ್ತೋ ಇಲ್ವೋ ಗೊತ್ತಿಲ್ಲ ಆ ಸಿಟ್ಟು. ಇರ್ಲಿ. ಜಡೆ ಹಾಕು, ಕುತ್ತಿಗೆ ನೋಯ್ತಿದೆ.”

ಜಡೆ ಹಾಕಿದೆ. ಬಿಗಿಯಾಯಿತು ಎಂದಳು. ಬಿಚ್ಚಿ ಮತ್ತೆ ಹಾಕಿದೆ.

ಮಾರ್ಚ್ ೩೦, ಸೋಮವಾರ

ಹರಿದ ಹಾಳೆಯನ್ನು ತೊಳೆದು ಒಣಗಿಸಿ ಅಂಗಡಿಗೆ ತೆಗೆದುಕೊಂಡು ಹೋದೆ. ಹಾಳೆಯ ಬೆಲೆಯನ್ನು ಲಕೋಟೆಯಲ್ಲಿ ಹಾಕಿ ಮೇಜಿನ ಮೇಲಿಟ್ಟೆ. ನನ್ನದೇ ತಪ್ಪು, ಹಾಳೆ ಸರಿಯಾಗಿತ್ತು, ಎಸೆದೆ ಅಂದದ್ದೂ ಸುಳ್ಳು ಎಂದೆ.

ಅಂಗಡಿಯವರು ಕನ್ನಡಕ ಹಾಕಿಕೊಂಡು ಹರಿದ ಅಂಚನ್ನು ಬೆಳಕಿಗೆ ಹಿಡಿದು ನೋಡಿದರು. ಮಡಿಸಿ ಪಕ್ಕಕ್ಕಿಟ್ಟರು. ಲಕೋಟೆ ಮುಟ್ಟಲಿಲ್ಲ.

“ಆವತ್ತು ನೀವು ಬೈದಾಗ ಅಂಗಡಿ ತುಂಬ ಜನ ಇದ್ರು,” ಎಂದರು. “ಇವತ್ತು ಯಾರೂ ಇಲ್ಲ.”

ಜೋರಾಗಿ ಹೇಳಲಿಲ್ಲ. ಹವಾಮಾನದ ಬಗ್ಗೆ ಹೇಳಿದ ಹಾಗೆ ಹೇಳಿ, ಪೈಪು ಸುತ್ತಿಡುವುದಕ್ಕೆ ಹೋದರು. ಮುಖಕ್ಕೆ ಹೊಡೆದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ.

ಅಲ್ಲೇ ಸ್ಟೂಲಿನ ಮೇಲೆ ಕೂತೆ. ಒಂದು ಗಂಟೆ ಕಾಲ ಕಳೆಯಿತು. ಅವರೂ ಏಳಿ ಅನ್ನಲಿಲ್ಲ. ಹನ್ನೆರಡರ ಹೊತ್ತಿಗೆ ಇಬ್ಬರು ಗಂಡಸರು ಟಾರ್ಪಾಲು ನೋಡಲು ಬಂದರು. ಅವರ ಹಿಂದೆ ನಮ್ಮ ಬೀದಿಯ ಔಷಧಿ ಅಂಗಡಿಯಾಕೆ. ಆವತ್ತೂ ಆಕೆ ಇದ್ದಳು. ಎದ್ದು ನಿಂತೆ. ಜನವರಿಯಲ್ಲಿ ಇವರು ಕೊಟ್ಟ ಹಾಳೆ ಕಳಪೆ ಅಂತ ನಾನು ಇಲ್ಲಿ ನಿಂತು ಕೂಗಾಡಿದ್ದೆ, ಅದು ಸುಳ್ಳು, ಕೆಲಸ ಕೆಡಿಸಿದ್ದು ನಾನು ಎಂದೆ. ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಔಷಧಿ ಅಂಗಡಿಯಾಕೆ ಚೀಲದೊಳಗೆ ಏನೋ ಹುಡುಕತೊಡಗಿದಳು.

ಅಂಗಡಿಯವರು ಬಂದು ಲಕೋಟೆ ತೆಗೆದುಕೊಂಡು ಗಲ್ಲಾದಲ್ಲಿ ಹಾಕಿದರು. “ಹಾಳೇನ ಬಿಸಿಲಲ್ಲಿ ಒಂದು ಗಂಟೆ ಹರವಿ ಆಮೇಲೆ ಹಾಸಿ ಅಮ್ಮಾ, ಮೆತ್ತಗಾಗುತ್ತೆ,” ಎಂದರು.

ಬರುವಾಗ ದಾರಿಯಲ್ಲಿ ನಿಂತು ಎರಡು ಬಾಳೆಹಣ್ಣು ತಿಂದೆ. ಬೆಳಿಗ್ಗೆ ಏನೂ ತಿಂದಿರಲಿಲ್ಲ.

ಏಪ್ರಿಲ್ ೨, ಗುರುವಾರ

ಹಾಸಿದೆವು. ಮೊದಲು ಮರಳಿನ ಮೇಲೆ ದಪ್ಪ ಉಣ್ಣೆ ಬಟ್ಟೆ. ಅದನ್ನು ನಾನೇ ದುಂಡಗೆ ಕತ್ತರಿಸಿ ಜೋಡಿಸಿದ್ದೆ. ಅಂಚಿನಲ್ಲಿ ದಿಂಡಿನ ಮೇಲೆ ಹತ್ತಿ ಕೂರುವ ಹಾಗೆ ಕತ್ತರಿಯಿಂದ ಸಣ್ಣ ಸಣ್ಣ ಕಚ್ಚು ಕೊಟ್ಟಿದ್ದೆ. ಮೇಸ್ತ್ರಿ ಮೆಚ್ಚಿ, “ಇದು ನಮಗೆ ಬರೋದಲ್ಲ,” ಎಂದರು. ಆಮೇಲೆ ಹಾಳೆ. ಚಪ್ಪಲಿ ಬಿಟ್ಟು, ಉಗುರು ಕತ್ತರಿಸಿಕೊಂಡು, ಬಳೆ ತೆಗೆದಿಟ್ಟು ಒಳಗೆ ಇಳಿದೆ. ಗೋಡೆಯ ಮೇಲೆ ಮಡಿಸಿ, ಪಟ್ಟಿ ಕೂರಿಸಿ, ನೀರು ಬಿಟ್ಟೆವು. ಎರಡು ಬೆರಳು ನೀರು ನಿಂತಾಗ ನಡುವಿಂದ ಅಂಚಿಗೆ ಅಂಗಾಲಿನಲ್ಲಿ ನೆರಿಗೆಗಳನ್ನು ತಳ್ಳಬೇಕು. ತಂಗಿಯ ಕುರ್ಚಿಯನ್ನು ಮೆಟ್ಟಿಲ ಮೇಲೆ ಎತ್ತರಕ್ಕೆ ಇಟ್ಟಿದ್ದೆವು. ಅವಳಿಗೆ ಎಲ್ಲ ಕಾಣುತ್ತಿತ್ತು.

“ನಿನ್ನ ಬೆನ್ನ ಹಿಂದೆ ಒಂದಿದೆ.”

ತಳ್ಳಿದೆ.

“ಹೋಗಲಿಲ್ಲ. ಇನ್ನೂ ಬಲಕ್ಕೆ. ಅಷ್ಟಲ್ಲ.”

“ಇಲ್ಲೇನಾ?”

“ಅಲ್ಲೇ. ಈಗ ಹೋಯ್ತು.”

ಮೂರು ಗಂಟೆ ಹೀಗೇ. ನೀರು ತುಂಬುತ್ತ ತುಂಬುತ್ತ ಗೋಡೆಯ ತಗಡು ಟಕ್ ಟಕ್ ಅನ್ನುತ್ತಿತ್ತು. ಪ್ರತಿ ಸದ್ದಿಗೂ ನಾನು ಬುಡದ ಕಡೆ ನೋಡುತ್ತಿದ್ದೆ. ಮೇಸ್ತ್ರಿ ಹೊರಗಡೆ ಸುತ್ತ ತೆವಳಿ, ಬುಡ ಮುಟ್ಟಿ ಮುಟ್ಟಿ ನೋಡಿದರು. ಒಣಗಿತ್ತು.

ಏಪ್ರಿಲ್ ೫, ಭಾನುವಾರ

ಮೂರು ದಿನ ಕಾದೆವು. ಒಂದು ಹನಿ ಸೋರಲಿಲ್ಲ. ಡಾಕ್ಟರಮ್ಮ ಬಂದು ಎದುರಿಗೇ ನಿಂತರು. ಮೇಸ್ತ್ರಿ, ನಾನು ಸೇರಿ ಅವಳನ್ನು ಎತ್ತಿ ಇಳಿಸಿದೆವು. ನಾನು ಹಳೇ ನೈಟಿಯಲ್ಲಿ ಜೊತೆಗೆ ಇಳಿದೆ. ತಂಗಿಗೆ ನೀರು ಎದೆಯ ಕೆಳಭಾಗದ ತನಕ.

ಮೊದಲ ಸಲ ನಿಂತಾಗ ಮಂಡಿ ಮಡಿಚಿಕೊಂಡಿತು. ಎರಡನೆಯ ಸಲವೂ. “ಬಿಡಬೇಡ” ಎಂದಳು, ಬಿಡಲಿಲ್ಲ. ಆಮೇಲೆ ನಿಂತಳು. ಗೋಡೆಯಿಂದ ಗೋಡೆಗೆ ಹದಿಮೂರು ಸಣ್ಣ ಹೆಜ್ಜೆ. ಜನವರಿಯಲ್ಲಿ ನನ್ನ ಕೈ ಇಲ್ಲದೆ ನಡೆಯುತ್ತಿದ್ದಳು. ಇವತ್ತು ಒಂದು ಕ್ಷಣವೂ ಬಿಡಲಾಗಲಿಲ್ಲ. ಡಾಕ್ಟರಮ್ಮ ಚೆನ್ನಾಗಿದೆ ಚೆನ್ನಾಗಿದೆ ಎಂದರು. ಅವರು ಹೇಳಲೇಬೇಕಲ್ಲ.

ಒಂಬತ್ತನೆಯ ಹೆಜ್ಜೆಗೆ ನಿಂತಳು.

“ಇಲ್ಲೊಂದು ತಗ್ಗಿದೆ ಅಕ್ಕಾ.”

ಹಿಡಿದ ಕೈ ಬಿಡದೆ ಕಾಲಾಡಿಸಿ ನೋಡಿದೆ. ಇತ್ತು. ನೆರಿಗೆ ತಳ್ಳುವಾಗ ನಾನು ಭಾರ ಬಿಟ್ಟು ಊರಿದ ಜಾಗ. ಮರಳು ಒಳಗೆ ಸರಿದು ಹಿಮ್ಮಡಿಯ ಆಕಾರವೇ ಕೂತಿದೆ. ಅಷ್ಟೆಲ್ಲ ಮಾಡಿ ಇದು!

“ನೀರು ತೆಗೆದು ಸರಿ ಮಾಡಿಬಿಡ್ತೀನಿ. ಎರಡು ದಿನದ ಕೆಲಸ,” ಎಂದೆ.

“ಮುಟ್ಟಿದ್ರೆ ನೋಡು.” ಹಿಮ್ಮಡಿಯನ್ನು ಅದರೊಳಗೆ ಇಟ್ಟು, ತೆಗೆದು, ಮತ್ತೆ ಇಟ್ಟಳು. “ಗೊತ್ತಾಗ್ತಿದೆ. ನಂಗೆ ಗೊತ್ತಾಗ್ತಿದೆ ಅಕ್ಕಾ.”

ಏಪ್ರಿಲ್ ೧೯, ಭಾನುವಾರ

ದಿನಾ ಬೆಳಿಗ್ಗೆ ಇಳಿಯುತ್ತೇವೆ. ಆಮೇಲೆ ನಾನು ಹೊಲಿಗೆಗೆ ಕೂರುವಾಗ ಬೆರಳುಗಳು ನೆನೆದು ಸುಕ್ಕಾಗಿರುತ್ತವೆ, ದಾರ ಪೋಣಿಸಲು ಬರುವುದಿಲ್ಲ. ತಂಗಿ ಪೋಣಿಸಿಕೊಡುತ್ತಾಳೆ. ಅವಳ ಕೈ ಇನ್ನೂ ಚೆನ್ನಾಗಿದೆ. ಇನ್ನೂ ಎಂದು ಬರೆದುಬಿಟ್ಟೆ.

ತಗ್ಗಿನ ಹತ್ತಿರ ಬಂದಾಗ ಪ್ರತಿ ಸಲ ನಿಲ್ಲುತ್ತಾಳೆ. ಉಸಿರು ತೆಗೆದುಕೊಂಡು ಮುಂದೆ ಹೋಗುತ್ತಾಳೆ. ಹನ್ನೊಂದು ಬೀದಿಯಲ್ಲಿ ಎಲ್ಲೆಲ್ಲಿ ನಿಂತು ನೀರು ಕುಡಿಯುತ್ತಿದ್ದೆ ಎಂದು ಹೇಳುತ್ತಾಳೆ.

ಒಮ್ಮೊಮ್ಮೆ ಇಡೀ ಬೆಳಗು ನನ್ನ ಹತ್ತಿರ ಮಾತಾಡುವುದಿಲ್ಲ. ಕಾರಣ ನಾನು ಕೇಳುವುದಿಲ್ಲ. ಕೈ ಹಿಡಿದಿರುತ್ತೇನೆ.

ಮೇ ೧೭, ಭಾನುವಾರ

ಒಂದು ತಿಂಗಳು ಬರೆಯಲಿಲ್ಲ. ಯೂನಿಫಾರಂ. ಮೇಸ್ತ್ರಿಯ ಮೊಮ್ಮಕ್ಕಳದ್ದೇ ಐದು ಜೊತೆ.

ಡಾಕ್ಟರಮ್ಮ ಮೊನ್ನೆ ಬಂದು ಹತ್ತಿ ಸವರಿದರು. ಗೆರೆ ಎಳೆಯಲು ಪೆನ್ನು ತೆಗೆದಾಗ ತಂಗಿ, “ಬೇಡ, ಬಾಯಲ್ಲಿ ಹೇಳಿ ಸಾಕು,” ಎಂದಳು. ಹೇಳಿದರು. ಮರಗಟ್ಟಿದ್ದು ಈಗ ಹಿಮ್ಮಡಿಗೆ ಹತ್ತಿರ ಬಂದಿದೆ. ಕಾಲಿನ ಬಲ ಮಾತ್ರ ಏಪ್ರಿಲ್‌ನಲ್ಲಿ ಇದ್ದಷ್ಟೇ ಇದೆಯಂತೆ, ಅದು ನೀರಿನಿಂದ ಎಂದರು. ಒಳ್ಳೆಯದೂ ಕೆಟ್ಟದ್ದೂ ಒಂದೇ ಉಸಿರಿನಲ್ಲಿ.

ಅಂಗಡಿಯವರು ಆ ಕಡೆ ಬಂದ ನೆಪ ಹೇಳಿ ಕೊಳ ನೋಡಿಕೊಂಡು ಹೋದರು. ಬುಡದ ಸುತ್ತ ಒಂದು ಸುತ್ತು ನಡೆದರು. ಕಾಫಿ ಕುಡಿದರು.

ಜೂನ್ ೭, ಭಾನುವಾರ

ಬೆಳಿಗ್ಗೆ ಎಂದಿನಂತೆ ಇಳಿದೆವು. ಮೋಡ ಮುಚ್ಚಿತ್ತು, ನೀರು ತಣ್ಣಗಿತ್ತು. ಅವಳು ಎಣಿಸುತ್ತ ನಡೆದಳು. ಏಳು, ಎಂಟು, ಒಂಬತ್ತು. ನಿಂತಳು. ಕಾಲನ್ನು ಸ್ವಲ್ಪ ಆಚೆ ಇಟ್ಟಳು, ಈಚೆ ಇಟ್ಟಳು.

“ದಾರಿ ತಪ್ಪಿದ್ನಾ? ತಗ್ಗು ಸಿಗ್ತಿಲ್ಲ.”

ನೀರು ತಿಳಿಯಾಗಿತ್ತು. ಕೆಳಗೆ ನೋಡಿದೆ. ಅವಳ ಎಡ ಹಿಮ್ಮಡಿ ಅದರೊಳಗೇ ಇತ್ತು. ಸರಿಯಾಗಿ ಅದರೊಳಗೆ, ಅಳತೆ ತೆಗೆದು ಮಾಡಿದ ಹಾಗೆ.

ಇನ್ನೂ ಒಂದು ಹೆಜ್ಜೆ ಮುಂದಿದೆ ಅನ್ನಬಹುದಿತ್ತು. ಮರಳು ಸರಿದು ಮುಚ್ಚಿಹೋಗಿದೆ ಅನ್ನಬಹುದಿತ್ತು. ನಂಬುತ್ತಿದ್ದಳು. ನಾಲಿಗೆಯ ತುದಿಗೇ ಬಂದಿತ್ತು.

“ಪುಟ್ಟಿ, ಅದರ ಮೇಲೇ ನಿಂತಿದ್ದೀಯ.”

ಅವಳು ಕೆಳಗೆ ನೋಡಲಿಲ್ಲ. ಗೋಡೆಯ ಕಡೆ ನೋಡುತ್ತಿದ್ದಳು. ನನ್ನ ತೋಳಿನ ಮೇಲೆ ಅವಳ ಬೆರಳುಗಳು ಬಿಗಿಯಾದವು, ಉಗುರು ಒಳಗೆ ಹೋಗುವ ಹಾಗೆ. ಈಗಲೂ ಅಲ್ಲಿ ನಾಲ್ಕು ಗುರುತಿದೆ. ನನಗೆ ಚಳಿಯಾಗತೊಡಗಿತು, ಅವಳಿಗೂ ಆಗಿರಬೇಕು.

“ಎರಡೂ ಕಾಲಾ?” ಎಂದಳು.

“ಎಡಗಾಲು. ಬಲಗಾಲು ಪಕ್ಕದಲ್ಲಿದೆ, ನೆಟ್ಟಗಿದೆ.”

“ಹಾಗಾದ್ರೆ ಇನ್ಮೇಲೆ ನೀನೇ ಹೇಳ್ಬೇಕು. ಎಲ್ಲಿ ಇಡ್ತಿದ್ದೀನಿ, ಹೇಗೆ ಇಡ್ತಿದ್ದೀನಿ. ಇರೋ ಹಾಗೆ ಹೇಳ್ಬೇಕು.”

“ಹೇಳ್ತೀನಿ.”

“ಹೂಂ. ಹೇಳು.”

ಬಲಗಾಲು ಎತ್ತಿದೀಯ ಎಂದೆ. ಮುಂದಕ್ಕೆ ಬಂತು. ಇಟ್ಟಿದೀಯ, ಆದರೆ ಪಾದ ಹೊರಕ್ಕೆ ತಿರುಗಿದೆ, ಸ್ವಲ್ಪ ಒಳಕ್ಕೆ ತಾ. ಇನ್ನೂ. ಸಾಕು. ಈಗ ಎಡಗಾಲು. ಗೋಡೆ ಮುಟ್ಟುವ ತನಕ ಹೇಳಿದೆ. ತಿರುಗಿ ಬರುವಾಗಲೂ ಹೇಳಿದೆ.